ಸಾವಿರ ಹುಣ್ಣಿನ ರೋಗಕ್ಕೆ ಸಿಕ್ಕ ದೊಡ್ಡ ಹೆಸರು

ಅಮೆರಿಕದ ಕಪ್ಪು ಅಕ್ರೋಟು ಮರಕ್ಕೆ ತಗಲುವ ಸಾವಿರ ಹುಣ್ಣಿನ ರೋಗಕ್ಕೆ ಅದರ ಯೋಗ್ಯತೆಗಿಂತ ದೊಡ್ಡ ಹೆಸರು ಬಂದಿದೆ. ಕೊಲೊರಾಡೊದಲ್ಲಿ ಮರಗಳು ಒಣಗಿದ್ದು, 2008ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಟಿಸೆರಾಟ್ ಮತ್ತು ಕ್ರಾನ್‌ಶಾ ಅದರ ಹಿಂದಿನ ಶಿಲೀಂಧ್ರವನ್ನು ಗುರುತಿಸಿದ್ದು, 2010ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲೂ ರೋಗ ಸಿಕ್ಕಾಗ ದಿಮ್ಮಿ, ಸೌದೆ ಸಾಗಣೆಗೆ ನಿರ್ಬಂಧ ಬಿದ್ದದ್ದು ಎಲ್ಲರಿಗೂ ಗೊತ್ತು.

ಆದರೆ ಆ ಹುಣ್ಣನ್ನೇ ಹತ್ತಿರದಿಂದ ನೋಡಬೇಕು. ತೊಗಟೆಯ ಮೇಲೆ ಏನೂ ಕಾಣುವುದಿಲ್ಲ. ಚಾಕುವಿನಿಂದ ಹೊರಪದರವನ್ನು ತೆಳ್ಳಗೆ ಹೆರೆದರೆ ಎರಡು ಮಿಲಿಮೀಟರ್ ಕೂಡ ಇರದ ದುಂಬಿ ಕೊರೆದ ಸುರಂಗ, ಅದರ ಸುತ್ತ ಕಂದುಗಪ್ಪು ಕಲೆ. ದುಂಬಿ ಮೈಗೆ ಅಂಟಿಸಿಕೊಂಡು ತಂದ ಜಿಯೋಸ್ಮಿಥಿಯಾ ಮಾರ್ಬಿಡಾ ಎಂಬ ಆ ಶಿಲೀಂಧ್ರ ಅಷ್ಟು ಜಾಗವನ್ನು ಸಾಯಿಸಿದೆ, ಅಷ್ಟೇ. ಇಂಥ ಒಂದು ಕಲೆಯಿಂದ ಮರಕ್ಕೆ ಏನೂ ಆಗದು. ನೂರಾರು ಕಲೆಗಳು ಒಂದಕ್ಕೊಂದು ಕೂಡಿಕೊಂಡಾಗ ಮಾತ್ರ ಆಹಾರದ ಹರಿವು ನಿಂತು, ಎಲೆ ಹಳದಿಯಾಗಿ ಕೊಂಬೆ ಒಣಗುತ್ತದೆ. ಅಂದರೆ ದುಂಬಿ ಹಿಂಡುಹಿಂಡಾಗಿ ಬರಬೇಕು, ಮರವೂ ಮೊದಲೇ ಸೊರಗಿರಬೇಕು. ಕೊಲೊರಾಡೊದ ಒಣನೆಲದಲ್ಲಿ ಕಪ್ಪು ಅಕ್ರೋಟು ಹೊರಗಿನಿಂದ ತಂದು ನೆಟ್ಟ ಮರ. ಅದೇ ದುಂಬಿ, ಅದೇ ಶಿಲೀಂಧ್ರ ಅರಿಜೋನಾದ ಸ್ಥಳೀಯ ಅಕ್ರೋಟಿನಲ್ಲಿ ಹೆಚ್ಚು ಹಾನಿ ಮಾಡದೆ ಇವೆ. ಮಳೆ ಬೀಳುವ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಸಾಯುವ ಹಾಗಿದ್ದ ಮರಗಳು ಮತ್ತೆ ಚಿಗುರಿದವು. ಇಟಲಿಯಲ್ಲೂ 2013ರಲ್ಲಿ ರೋಗ ಸಿಕ್ಕಿದೆ; ಅಲ್ಲಿನ ತೋಟಗಾರರು ಎಚ್ಚರವಾಗಿರಲಿ, ಅದಕ್ಕೆ ನನ್ನ ತಕರಾರಿಲ್ಲ.

ಎಚ್ಚರ ಹೆಚ್ಚಾದರೆ ನಷ್ಟವೇನು ಎಂದು ಕೇಳುವ ವಿದ್ವಾಂಸರಿದ್ದಾರೆ. ಗಮನವೆಲ್ಲ ಸಾವಿರ ಹುಣ್ಣಿನ ಕಡೆಗೇ ಹೋದರೆ ನಷ್ಟ ಬಟರ್‌ನಟ್ ಮರಕ್ಕೆ. ಅಕ್ರೋಟಿನದೇ ಕುಲದ ಈ ಮರದ ಹುಣ್ಣುರೋಗ 1967ರಲ್ಲೇ ವಿಸ್ಕಾನ್ಸಿನ್‌ನಲ್ಲಿ ವರದಿಯಾಗಿತ್ತು. ಅದಕ್ಕೆ ದುಂಬಿಯ ಹಿಂಡು ಬೇಕಿಲ್ಲ. ಕಪ್ಪು ಅಕ್ರೋಟನ್ನು ಚಿಗುರಿಸುವ ಮಳೆಯೇ ಇದರ ಬೀಜಕಣಗಳನ್ನು ಮೇಲಿನ ಕೊಂಬೆಯಿಂದ ಬೊಡ್ಡೆಗೆ ಇಳಿಸುತ್ತದೆ. ಹುಣ್ಣುಗಳು ಕಾಂಡವನ್ನು ಸುತ್ತುವರಿದರೆ ಮರ ಹೋಯಿತು. ಕಾಡಿನ ಮರಕ್ಕೆ ಹೊಡೆಯಲು ಔಷಧಿಯಿಲ್ಲ. ಕೆನಡಾ ಇದನ್ನು ಅಳಿವಿನಂಚಿನ ಮರವೆಂದೇ ಪಟ್ಟಿ ಮಾಡಿದೆ.

ಜಪಾನಿ ಅಕ್ರೋಟಿನೊಡನೆ ಬೆರೆತ ತಳಿಗಳು ಈ ರೋಗವನ್ನು ಹೆಚ್ಚು ತಾಳಿಕೊಳ್ಳುತ್ತವೆ. ಅವು ಬೇಡ, ಶುದ್ಧ ಬಟರ್‌ನಟ್ಟೇ ಬೇಕು ಎಂಬ ಹಟವನ್ನು ನಾನು ಒಪ್ಪಲಾರೆ. ಶುದ್ಧ ಮರಗಳೇ ಕಣ್ಣೆದುರು ಸಾಯುತ್ತಿರುವಾಗ ಆ ಹಟ ಯಾರನ್ನು ಉಳಿಸುತ್ತದೆ? ರೋಗದ ನಡುವೆಯೂ ಬದುಕಿರುವ ಬಟರ್‌ನಟ್ ಮರಗಳನ್ನು ಹುಡುಕಿ, ಕಸಿ ಕಟ್ಟಿ, ತಳಿ ಉಳಿಸುವ ಕೆಲಸಕ್ಕೆ ಮೊದಲು ಹಣ ಕೊಡಿ. ಸಾವಿರ ಹುಣ್ಣಿನ ಸರದಿ ಆಮೇಲೆ ಬರಲಿ.