ಕಥೆ ಹೇಳುವ ಸರದಿ

ಸ್ಟೋನಿಗೇಟ್ ಎಂಬ ಹಳೆಯ ಗಣಿಯೂರಿನ ಸ್ಮಶಾನದಲ್ಲಿ ಒಂದು ಕಲ್ಲಿದೆ. 1821ರ ದುರಂತದಲ್ಲಿ ನೆಲದಡಿಯೇ ಸತ್ತವರ ಹೆಸರು, ವಯಸ್ಸುಗಳನ್ನು ಅದರ ಮೇಲೆ ಕೆತ್ತಿದ್ದಾರೆ. ಆ ಊರಿಗೆ ಹೊಸದಾಗಿ ಬಂದ ಕಿಟ್ ಎಂಬ ಹುಡುಗ ಅದರಲ್ಲೊಂದು ಹೆಸರು ಓದುತ್ತಾನೆ: ಕ್ರಿಸ್ಟೋಫರ್ ವಾಟ್ಸನ್, ವಯಸ್ಸು 13. ಕಿಟ್‌ನ ಪೂರ್ತಿ ಹೆಸರೂ ಅದೇ, ವಯಸ್ಸೂ ಅದೇ. ಅವನನ್ನು ಹೆದರಿಸಬೇಕೆಂದು ಈ ಊರಿನ ಕಥೆಗಳನ್ನು ಅಜ್ಜ ಹೇಳುವುದಿಲ್ಲ. ದುಡಿಯುವ ವಯಸ್ಸಿನಲ್ಲಿ ತಾನು ಇಳಿದು ಹತ್ತಿದ ಕತ್ತಲು ಎಂಥದೆಂದು ಮೊಮ್ಮಗನಿಗೂ ಗೊತ್ತಿರಲಿ ಎಂಬುದಷ್ಟೇ ಅವನ ಆಸೆ. ಡೇವಿಡ್ ಆಲ್ಮಂಡ್ ಅವರ ‘ಕಿಟ್ಸ್ ವೈಲ್ಡರ್‌ನೆಸ್’ (1999) ಕಾದಂಬರಿಯ ಬೇರು ಇಲ್ಲಿದೆ.

ಅಜ್ಜನೋ ಅಜ್ಜಿಯೋ ತೀರಿಕೊಳ್ಳುವ ಮಕ್ಕಳ ಪುಸ್ತಕಗಳಿಗೆ ಬರವಿಲ್ಲ. ಅವುಗಳಲ್ಲಿ ಹಲವಕ್ಕೆ ಸಮಾಧಾನ ಹೇಳುವ ಅವಸರ. ಅಜ್ಜ ನಕ್ಷತ್ರವಾಗುತ್ತಾನೆ, ಮಗು ಕಣ್ಣೊರೆಸಿಕೊಳ್ಳುತ್ತದೆ, ಪುಸ್ತಕ ಮುಗಿಯುತ್ತದೆ. ಓದುವ ಮಗುವಿಗೆ ಅಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಈ ಬಗೆಯ ಫ್ಯಾಂಟಸಿಯಲ್ಲಿ ನಿಜಕ್ಕೂ ಗಟ್ಟಿಯಾದ ಪುಸ್ತಕಗಳು ಬೇರೆಯದೇ ಒಂದು ಕೆಲಸ ಮಾಡುತ್ತವೆ. ಅಷ್ಟು ದಿನ ಹಿರಿಯರು ಹೇಳುತ್ತಿದ್ದ ಕಥೆಯನ್ನು ಇನ್ನು ಮಗುವೇ ಹೇಳಬೇಕಾದ ಸ್ಥಿತಿಯನ್ನು ತಂದಿಡುತ್ತವೆ. ಭಯವನ್ನು ಎದುರಿಸುವುದೂ ಅಗಲಿಕೆಯನ್ನು ತಾಳಿಕೊಳ್ಳುವುದೂ ಆಗ ಒಂದೇ ಕೆಲಸವಾಗುತ್ತದೆ.

ಇದರ ಹಿಂದೆ ಒಂದು ಹಳೆಯ ಪಲ್ಲಟವಿದೆ. ಮೈಸೂರಿನಲ್ಲಿ ಬೆಳೆದ ಎ.ಕೆ. ರಾಮಾನುಜನ್ ಅವರು ಬಾಲ್ಯದಲ್ಲಿ ಊಟದ ಹೊತ್ತಿಗೆ ಮನೆಯ ಹಿರಿಯ ಹೆಂಗಸರಿಂದ ಕೇಳಿದ ಕಥೆಗಳನ್ನು ನೆನೆದು ಬರೆದಿದ್ದಾರೆ. ಅಂಥ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಣಿಯಲ್ಲಿರುತ್ತದೆ, ರಾಜಕುಮಾರ ಅದನ್ನು ಹುಡುಕಿ ಹೊರಡುತ್ತಾನೆ. ಹೇಳುವ ಅಜ್ಜಿ ಮಾತ್ರ ಕಥೆಯ ಹೊರಗೇ ಕುಳಿತಿರುತ್ತಾಳೆ. ಕಥೆಯಲ್ಲಿ ಯಾರು ಸತ್ತರೂ ಅವಳಿಗೆ ಏನೂ ಆಗುವುದಿಲ್ಲ, ನಾಳೆ ಇನ್ನೊಂದು ಕಥೆ ಅವಳ ಬಳಿ ಇದ್ದೇ ಇರುತ್ತದೆ. ಅಚ್ಚಿನ ಪುಸ್ತಕ ಅವಳನ್ನು ಕಥೆಯ ಒಳಕ್ಕೆ ಕರೆತಂದಿತು. ಪಾತ್ರವಾದ ಮೇಲೆ ಅವಳಿಗೂ ಮುಪ್ಪು ಬಂತು, ಸಾವು ಬಂತು.

ಆಂಡರ್ಸನ್ 1845ರಲ್ಲಿ ಬರೆದ ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆಯಲ್ಲಿ ಅಜ್ಜಿ ಮೊದಲೇ ತೀರಿಕೊಂಡಿದ್ದಾಳೆ. ಹುಡುಗಿಯನ್ನು ಪ್ರೀತಿಸಿದ ಒಂದೇ ಜೀವ ಅದು. ಕಡ್ಡಿ ಗೀರಿದಾಗ ಬೆಳಕಿನಲ್ಲಿ ಬರುತ್ತಾಳೆ, ಕೊನೆಗೆ ಮಗುವನ್ನು ತನ್ನೊಡನೆ ಕರೆದೊಯ್ಯುತ್ತಾಳೆ. ಬೆಳಗಾದಾಗ ಬೀದಿಯಲ್ಲಿ ಸಿಗುವುದು ಹೆಪ್ಪುಗಟ್ಟಿದ ದೇಹ. ಎಷ್ಟು ಸುಂದರವಾಗಿದ್ದರೂ ಇದು ಕ್ರೂರವಾದ ಕಥೆ. ಅಜ್ಜಿಯನ್ನು ಸೇರಲು ಮಗುವಿಗೆ ಸಾವಿನ ಹೊರತು ದಾರಿಯಿಲ್ಲ, ಕಂಡದ್ದನ್ನು ಹೇಳಲು ಯಾರೂ ಉಳಿಯುವುದೂ ಇಲ್ಲ. ಆಂಡರ್ಸನ್ ಅವರ ಬದುಕಿನಲ್ಲಿ ಮಾತ್ರ ಹಾಗಾಗಲಿಲ್ಲ. ಅವರ ಅಜ್ಜಿ ಓಡೆನ್ಸ್ ಊರಿನ ಆಸ್ಪತ್ರೆಯೊಂದರ ತೋಟ ನೋಡಿಕೊಳ್ಳುತ್ತಿದ್ದಳು. ಅವಳ ಹಿಂದೆ ಹೋಗುತ್ತಿದ್ದ ಹುಡುಗ ಅಲ್ಲಿ ನೂಲುತ್ತ ಕುಳಿತ ಮುದುಕಿಯರಿಂದ ಕಥೆ ಕೇಳುತ್ತಿದ್ದ. ಆ ಕಥೆಗಳ ಜಾಡು ಅವರ ಬರವಣಿಗೆಯಲ್ಲಿ ಕೊನೆಯವರೆಗೂ ಇದೆ.

ಸ್ಕಾಟ್ಲೆಂಡಿನ ಜಾರ್ಜ್ ಮೆಕ್‌ಡೊನಾಲ್ಡ್ ‘ದಿ ಪ್ರಿನ್ಸೆಸ್ ಅಂಡ್ ದಿ ಗಾಬ್ಲಿನ್’ (1872) ಪುಸ್ತಕದಲ್ಲಿ ಬೇರೆ ದಾರಿ ಹಿಡಿದರು. ಎಂಟು ವರ್ಷದ ರಾಜಕುಮಾರಿ ಐರೀನ್‌ಗೆ ಮನೆಯ ತುದಿಯಟ್ಟದಲ್ಲಿ ನೂಲುತ್ತ ಕುಳಿತ ಮುತ್ತಜ್ಜಿ ಕಾಣಿಸುತ್ತಾಳೆ. ಕಣ್ಣಿಗೆ ಬೀಳದಷ್ಟು ನವಿರಾದ ಒಂದು ಎಳೆಯನ್ನು ಅವಳು ಮಗುವಿಗೆ ಕೊಡುತ್ತಾಳೆ. ಭಯವಾದಾಗ ಬೆರಳನ್ನು ಅದರ ಮೇಲಿಟ್ಟು ನಡೆಯಬೇಕು. ಎಳೆ ಅಜ್ಜಿಯ ಕೋಣೆಗೇ ಕರೆದೊಯ್ಯುತ್ತದೆ ಎಂದು ಐರೀನ್ ನಂಬಿ ಹೊರಟರೆ, ಅದು ಅವಳನ್ನು ಬೆಟ್ಟದ ಹೊಟ್ಟೆಯೊಳಗೆ, ಗಾಬ್ಲಿನ್‌ಗಳ ಸುರಂಗಕ್ಕೆ ಎಳೆಯುತ್ತದೆ. ಒಂದು ಕಡೆ ಕಲ್ಲಿನ ರಾಶಿ ಅಡ್ಡ ಬರುತ್ತದೆ. ಹಿಂದಿರುಗಲು ನೋಡಿದರೆ ಹಿಂದೆ ಎಳೆಯೇ ಇಲ್ಲ. ಮುಂದಕ್ಕೆ ಮಾತ್ರ ಬೆರಳಿಗೆ ತಾಗುತ್ತದೆ. ಮಗು ಅತ್ತು, ಆಮೇಲೆ ಕೂತು ಒಂದೊಂದೇ ಕಲ್ಲು ತೆಗೆಯುತ್ತದೆ. ಆಚೆ ಬದಿಯಲ್ಲಿ ಸೆರೆಯಾಗಿರುವುದು ಗಣಿ ಕೆಲಸದ ಹುಡುಗ ಕರ್ಡಿ. ಅವನಿಗೆ ಎಳೆ ಕಾಣುವುದಿಲ್ಲ, ಅಜ್ಜಿಯೂ ಕಾಣುವುದಿಲ್ಲ. ನೂರೈವತ್ತು ವರ್ಷಗಳ ನಂತರವೂ ಈ ಪ್ರಸಂಗದ ಬಿಗಿ ಸಡಿಲವಾಗಿಲ್ಲ. ಭಯ ಹೋಗಲಾಡಿಸುವ ತಾಯಿತವನ್ನು ಅಜ್ಜಿ ಕಟ್ಟಲಿಲ್ಲ, ಭಯದ ನಡುವೆಯೇ ಹಾದುಹೋಗುವ ದಾರಿಯನ್ನು ಕೊಟ್ಟಳು.

ಆಲ್ಮಂಡ್ ಅವರ ಕಾದಂಬರಿಯಲ್ಲೂ ಗಣಿಯಿದೆ, ಆದರೆ ಅದು ಮುಚ್ಚಿಹೋಗಿದೆ. 1951ರಲ್ಲಿ ನ್ಯೂಕಾಸಲ್‌ನಲ್ಲಿ ಹುಟ್ಟಿದ ಅವರು ಪಕ್ಕದ ಫೆಲ್ಲಿಂಗ್ ಎಂಬ ಗಣಿಯೂರಿನಲ್ಲಿ ಬೆಳೆದರು. 1812ರ ಮೇ ತಿಂಗಳಲ್ಲಿ ಅಲ್ಲಿನ ಗಣಿಯಲ್ಲಿ ಅನಿಲ ಸ್ಫೋಟಿಸಿ ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಹುಡುಗರಿದ್ದರು. ಹಂಫ್ರಿ ಡೇವಿ ಗಣಿಗಾರರಿಗಾಗಿ ಸುರಕ್ಷಾ ದೀಪ ರೂಪಿಸಲು ದಾರಿಯಾದ ಅನಾಹುತಗಳಲ್ಲಿ ಇದು ಮುಖ್ಯವಾದದ್ದು. ಸತ್ತವರ ಹೆಸರು, ವಯಸ್ಸು ಕೆತ್ತಿದ ಸ್ಮಾರಕ ಹತ್ತಿರದ ಹೆವರ್ತ್ ಚರ್ಚಿನ ಅಂಗಳದಲ್ಲಿ ಇಂದಿಗೂ ನಿಂತಿದೆ. ಕಾದಂಬರಿಯ ಕಲ್ಲಿಗೆ ಮೂಲ ಆ ಕಲ್ಲು.

ಕಿಟ್‌ನ ಅಜ್ಜಿ ತೀರಿಕೊಂಡಿದ್ದಾಳೆ. ಒಂಟಿಯಾದ ಅಜ್ಜನನ್ನು ನೋಡಿಕೊಳ್ಳಲು ಮನೆಯವರೆಲ್ಲ ಸ್ಟೋನಿಗೇಟ್‌ಗೆ ಬಂದಿದ್ದಾರೆ. ಅಜ್ಜನಿಗೆ ಮರೆವು ಶುರುವಾಗಿದೆ; ಇದ್ದಕ್ಕಿದ್ದಂತೆ ಮಾತು ನಿಂತು, ಕಣ್ಣು ಎಲ್ಲೋ ಹೋಗುತ್ತದೆ. ಎಚ್ಚರವಿದ್ದಾಗ ಹಾಡುತ್ತಾನೆ, ಪಳೆಯುಳಿಕೆಗಳನ್ನು ಮೊಮ್ಮಗನ ಅಂಗೈಗಿಡುತ್ತಾನೆ, ಗಣಿಯಲ್ಲಿ ದೀಪದ ಬೆಳಕಿಗೆ ಮಿಂಚಿ ಮರೆಯಾಗುತ್ತಿದ್ದ ಸಿಲ್ಕಿ ಎಂಬ ಪುಟ್ಟ ಪ್ರೇತದ ಕಥೆ ಹೇಳುತ್ತಾನೆ. ಅಜ್ಜನ ಬಾಯಲ್ಲಿ ಸಿಲ್ಕಿ ಹೆದರಿಸುವ ದೆವ್ವವಲ್ಲ, ಕತ್ತಲಿನಲ್ಲಿ ಜೊತೆಗಿದ್ದ ಹುಡುಗ.

ಇನ್ನೊಂದು ಕಡೆ ಜಾನ್ ಆಸ್ಕ್ಯೂ ಇದ್ದಾನೆ. ಕುಡುಕ ತಂದೆಯ ಮಗ, ಒರಟ, ಚಿತ್ರ ಬರೆಯುವುದರಲ್ಲಿ ಅಸಾಧಾರಣ ಕೈ. ಅವನ ಹೆಸರೂ ಸ್ಮಾರಕದಲ್ಲಿದೆ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಮಕ್ಕಳನ್ನು ಸೇರಿಸಿ ಅವನು ‘ಸಾವು’ ಎಂಬ ಆಟ ಆಡಿಸುತ್ತಾನೆ. ಚಾಕುವನ್ನು ತಿರುಗಿಸಿದಾಗ ಅದರ ತುದಿ ಯಾರತ್ತ ನಿಲ್ಲುತ್ತದೋ ಅವರು ಆ ಗುಂಡಿಯಲ್ಲಿ ಒಬ್ಬರೇ ‘ಸಾಯಬೇಕು’. ಬಹುಪಾಲು ಮಕ್ಕಳು ಸತ್ತಂತೆ ನಟಿಸಿ ಎದ್ದು ಬರುತ್ತಾರೆ. ಕಿಟ್ ನಿಜಕ್ಕೂ ಪ್ರಜ್ಞೆ ತಪ್ಪುತ್ತಾನೆ. ಎಚ್ಚರವಾದ ಮೇಲೆ ಅವನಿಗೆ ಹಳೆಯ ಗಣಿಯ ಬಡಕಲು ಮಕ್ಕಳು ಕಾಣಿಸತೊಡಗುತ್ತಾರೆ.

ಇಲ್ಲಿಂದ ಮುಂದೆ ಆಲ್ಮಂಡ್ ಮಾಡುವ ಕೆಲಸ ಈ ಬಗೆಯ ಸಾಹಿತ್ಯದಲ್ಲೇ ಅಪರೂಪದ್ದು. ಅಜ್ಜನ ನೆನಪು ಕಳಚುತ್ತ ಹೋದಷ್ಟೂ ಕಿಟ್‌ನ ಕಥೆ ಕಟ್ಟುವ ಶಕ್ತಿ ಬೆಳೆಯುತ್ತದೆ. ಹಿಮಯುಗದ ಲಾಕ್ ಎಂಬ ಹುಡುಗ ಹಸುಗೂಸು ತಂಗಿಯನ್ನು ಕರಡಿಚರ್ಮದಲ್ಲಿ ಸುತ್ತಿ ಹೊತ್ತು, ಅಗಲಿದ ಕುಟುಂಬವನ್ನು ಹುಡುಕುತ್ತ ನಡೆಯುವ ಕಥೆಯನ್ನು ಅವನು ಬರೆಯಲು ಶುರುಮಾಡುತ್ತಾನೆ. ಆಸ್ಕ್ಯೂ ಊರು ಬಿಟ್ಟು ಓಡಿಹೋಗಿ ಕೈಬಿಟ್ಟ ಗಣಿಯೊಳಗೆ ಅಡಗಿದಾಗ, ಕಿಟ್ ಅಲ್ಲಿಗೆ ಇಳಿದು ಕತ್ತಲಲ್ಲಿ ಕೂತು ಅವನಿಗೆ ಲಾಕ್‌ನ ಕಥೆ ಹೇಳುತ್ತಾನೆ. ಮಂತ್ರದಂಡವಿಲ್ಲ, ಕತ್ತಿಯಿಲ್ಲ. ನೆಲದಡಿಯ ಕತ್ತಲಿಗೆ ಹೆದರಬೇಕಿಲ್ಲವೆಂದು ಅಜ್ಜನಿಂದ ಕಲಿತದ್ದು, ಅಜ್ಜನಿಂದಲೇ ಹಿಡಿತಕ್ಕೆ ಬಂದ ಕಥೆಯ ಲಯ, ಇವಿಷ್ಟೇ ಅವನ ಆಯುಧ. ಕೊನೆಗೆ ಅಜ್ಜ ತೀರಿಕೊಳ್ಳುತ್ತಾನೆ. ಲೇಖಕ ಅವನನ್ನು ಉಳಿಸುವುದಿಲ್ಲ, ಬೆಳಕಿನ ಮುದ್ದೆಯಾಗಿ ವಾಪಸು ಕರೆಸುವುದೂ ಇಲ್ಲ.

ಡರ್ಹಮ್ ಕಲ್ಲಿದ್ದಲು ಸೀಮೆಯ ಕೊನೆಯ ಆಳದ ಗಣಿ ವೇರ್‌ಮತ್ ಮುಚ್ಚಿದ್ದು 1993ರಲ್ಲಿ, ಈ ಪುಸ್ತಕ ಬಂದದ್ದು ಅದಾದ ಆರು ವರ್ಷಕ್ಕೆ. ಹಾಗಾಗಿ ಕಿಟ್‌ನ ಅಜ್ಜ ಸಾಯುವಾಗ ಒಂದು ಕಸುಬಿನ ಇಡೀ ನೆನಪು ಅವನೊಡನೆ ಹೊರಟಿರುತ್ತದೆ. 2001ರಲ್ಲಿ ಈ ಕೃತಿಗೆ ಅಮೆರಿಕದ ಪ್ರಿಂಟ್ಜ್ ಪ್ರಶಸ್ತಿ ಬಂತು. ಕೋಲಾರದ ಚಿನ್ನದ ಗಣಿ ಮುಚ್ಚಿದ್ದೂ ಅದೇ ವರ್ಷ. ಕೆಜಿಎಫ್‌ನಲ್ಲಿ ಗಣಿಗಾರರ ಮೊಮ್ಮಕ್ಕಳಾಗಿ ಬೆಳೆದವರು ಈ ಕಾದಂಬರಿಯನ್ನು ಉಳಿದವರಿಗಿಂತ ಹತ್ತಿರದಿಂದ ಓದಬಲ್ಲರು.

ರೋಲ್ಡ್ ಡಾಲ್ ಅವರ ‘ದಿ ವಿಚಸ್’ (1983) ನಗಿಸುವ ಪುಸ್ತಕವೆಂದೇ ಹೆಸರಾದದ್ದು. ಅದರ ಕೇಂದ್ರದಲ್ಲಿ ಇರುವುದು ಮಾತ್ರ ಅಜ್ಜಿಯನ್ನು ಕಳೆದುಕೊಳ್ಳುವ ಭಯ. ಅಪಘಾತದಲ್ಲಿ ತಂದೆತಾಯಿ ತೀರಿಕೊಂಡ ಹುಡುಗನನ್ನು ನಾರ್ವೆಯ ಅಜ್ಜಿ ಸಾಕುತ್ತಾಳೆ. ಕಪ್ಪು ಚುಟ್ಟಾ ಸೇದುತ್ತ, ಮಾಟಗಾತಿಯರ ಕೈಗೆ ಸಿಕ್ಕು ಇಲ್ಲವಾದ ಮಕ್ಕಳ ಕಥೆ ಹೇಳುತ್ತಾಳೆ. ಆ ಕಥೆಗಳೇ ಮುಂದೆ ಬೋರ್ನ್‌ಮತ್‌ನ ಹೋಟೆಲಿನಲ್ಲಿ ಹುಡುಗನಿಗೆ ಮಾಟಗಾತಿಯರ ಗುರುತು ಹಿಡಿಯಲು ನೆರವಾಗುತ್ತವೆ. ನಡುವೆ ಅಜ್ಜಿಗೆ ನ್ಯುಮೋನಿಯಾ ಬಂದು, ಅವಳೂ ಹೋದರೆ ತನಗಾರು ಎಂಬ ಪ್ರಶ್ನೆ ಮಗುವಿನ ಎದುರು ಬೆತ್ತಲಾಗಿ ನಿಲ್ಲುತ್ತದೆ.

ಹುಡುಗ ಇಲಿಯಾಗುತ್ತಾನೆ, ಇಲಿಯಾಗಿಯೇ ಉಳಿಯುತ್ತಾನೆ. ಇಲಿಮನುಷ್ಯನಿಗೆ ಹೆಚ್ಚೆಂದರೆ ಒಂಬತ್ತು ವರ್ಷ ಆಯುಸ್ಸು ಎಂದು ಅಜ್ಜಿ ಲೆಕ್ಕ ಹಾಕಿದಾಗ ಅವನಿಗೆ ಸಂತೋಷವಾಗುತ್ತದೆ. ಅಜ್ಜಿಗೆ ಎಂಬತ್ತಾರು, ಅವಳಿಗೂ ಉಳಿದಿರುವುದು ಸುಮಾರು ಅಷ್ಟೇ ವರ್ಷ. 1990ರಲ್ಲಿ ನಿಕೋಲಸ್ ರೋಗ್ ನಿರ್ದೇಶಿಸಿದ ಸಿನಿಮಾ ಹುಡುಗನನ್ನು ಮತ್ತೆ ಮನುಷ್ಯನನ್ನಾಗಿಸಿತು. ಡಾಲ್ ಇದನ್ನು ಒಪ್ಪಲಿಲ್ಲ, ಅವರ ಪಟ್ಟು ಸರಿಯಾಗಿಯೇ ಇತ್ತು. ಅಂತ್ಯ ಬದಲಾದರೆ ಆ ಸಂತೋಷದ ಮಾತಿಗೆ ಜಾಗವಿಲ್ಲ, ಆ ಮಾತಿಲ್ಲದೆ ಪುಸ್ತಕಕ್ಕೆ ಬೆನ್ನೆಲುಬಿಲ್ಲ. 2020ರಲ್ಲಿ ರಾಬರ್ಟ್ ಜೆಮೆಕಿಸ್ ಇಲಿಯನ್ನು ಇಲಿಯಾಗಿಯೇ ಬಿಟ್ಟರು. ಹೆಂಗಸರನ್ನು ಡಾಲ್ ಚಿತ್ರಿಸಿದ ರೀತಿಯ ಬಗ್ಗೆ ಇರುವ ಆಕ್ಷೇಪಗಳಲ್ಲಿ ಹುರುಳಿದೆ. ಮಕ್ಕಳೊಡನೆ ಓದುವ ದೊಡ್ಡವರು ಅದನ್ನು ಮಾತಾಡಿಯೇ ಮುಂದೆ ಹೋಗಬೇಕು.

ಪ್ಯಾಟ್ರಿಕ್ ನೆಸ್ ಅವರ ‘ಎ ಮಾನ್‌ಸ್ಟರ್ ಕಾಲ್ಸ್’ (2011) ಕಾದಂಬರಿಯಲ್ಲಿ ಸಾಯುವುದು ತಾಯಿ, ಅಜ್ಜಿ ಉಳಿಯುತ್ತಾಳೆ. ಆದರೂ ಇಲ್ಲಿ ಅದನ್ನು ನೆನೆಯಲೇಬೇಕು. ರಾತ್ರಿ ಬರುವ ಮರದ ದೈತ್ಯ ಕಾನರ್ ಎಂಬ ಹುಡುಗನಿಗೆ ಮೂರು ಕಥೆ ಹೇಳುತ್ತಾನೆ. ನಾಲ್ಕನೆಯದನ್ನು ಹುಡುಗನೇ ಹೇಳಬೇಕು, ಅದು ನಿಜವಾಗಿರಬೇಕು ಎಂಬುದು ಕರಾರು. ಈ ಕಥೆಯ ಕಲ್ಪನೆ ಲೇಖಕಿ ಶಿವಾನ್ ಡೌಡ್ ಅವರದು. ಅವರು 2007ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು, ಬರೆಯುವ ಕೆಲಸ ನೆಸ್ ಅವರ ಪಾಲಿಗೆ ಬಂತು.

ತೀರ ಚಿಕ್ಕ ಮಕ್ಕಳಿಗೆ ಬೆಂಜಿ ಡೇವಿಸ್ ಅವರ ಚಿತ್ರಪುಸ್ತಕ ‘ಗ್ರ್ಯಾಂಡ್‌ಡ್ಯಾಡ್ಸ್ ಐಲೆಂಡ್’ (2015) ಇದೆ. ಅಜ್ಜನ ಮನೆಯ ಅಟ್ಟದಲ್ಲಿ ಒಂದು ಬಾಗಿಲು, ಅದರಾಚೆ ದೊಡ್ಡ ಹಡಗು. ಅಜ್ಜನೂ ಸಿಡ್ ಎಂಬ ಮೊಮ್ಮಗನೂ ಹಡಗೇರಿ ಹಸಿರು ದ್ವೀಪವೊಂದಕ್ಕೆ ಹೋಗುತ್ತಾರೆ. ತಾನು ಇಲ್ಲೇ ಉಳಿಯುತ್ತೇನೆ ಎನ್ನುತ್ತಾನೆ ಅಜ್ಜ. ‘ಸಾವು’ ಎಂಬ ಮಾತು ಎಲ್ಲೂ ಬರುವುದಿಲ್ಲ. ಆದರೆ ಸಿಡ್ ಒಬ್ಬನೇ ಹಡಗು ನಡೆಸಿಕೊಂಡು ಮರಳುವ ಪುಟದಲ್ಲಿ ಸಮುದ್ರ ಒರಟಾಗಿದೆ, ಹುಡುಗ ಪುಟ್ಟದಾಗಿ ಕಾಣುತ್ತಾನೆ. ಮಕ್ಕಳು ಬಿಡದೆ ಪ್ರಶ್ನೆ ಕೇಳುವಂಥ ಪುಟ ಅದು. ಓದುತ್ತಿರುವ ದೊಡ್ಡವರು ಅಲ್ಲಿ ಪುಟ ತಿರುಗಿಸಲು ಆತುರಪಡಬಾರದು.

ಇಂಥ ಪುಸ್ತಕ ಕೊಡುವ ಹೊತ್ತಿನ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಸಾವಾದ ವಾರದಲ್ಲೇ ಇವನ್ನು ಔಷಧಿಯ ಹಾಗೆ ಮಗುವಿನ ಕೈಗಿಡುವವರಿದ್ದಾರೆ. ಆಗ ಮಗುವಿಗೆ ಬೇಕಿರುವುದು ಮನೆಯವರ ಮಾತು. ಇವು ಅಜ್ಜ ಅಜ್ಜಿಯರು ಇನ್ನೂ ಜಗಲಿಯಲ್ಲಿ ಕೂತಿರುವಾಗಲೇ ಓದಬೇಕಾದ ಪುಸ್ತಕಗಳು, ಸಾಧ್ಯವಾದರೆ ಅವರ ಜೊತೆಗೇ. ಡೇವಿಸ್ ಅವರ ಪುಸ್ತಕ ನಾಲ್ಕರ ಮಗುವಿಗೂ ಸಲ್ಲುತ್ತದೆ. ಡಾಲ್ ಎಂಟರ ನಂತರ ಆಗಬಹುದು. ಮೆಕ್‌ಡೊನಾಲ್ಡ್‌ರ ಹಳೆಯ ಇಂಗ್ಲಿಷ್ ತೊಡಕಾದರೆ ದೊಡ್ಡವರು ಕನ್ನಡದಲ್ಲೇ ಹೇಳುತ್ತ ಹೋಗಲಿ; ಎಳೆಯ ಪ್ರಸಂಗ ಬಾಯಿಮಾತಿನಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ. ‘ಕಿಟ್ಸ್ ವೈಲ್ಡರ್‌ನೆಸ್’ ಹನ್ನೆರಡಕ್ಕಿಂತ ಮೊದಲು ಬೇಡ. ಅದರ ಅಧ್ಯಾಯಗಳು ಚಿಕ್ಕವು; ದಿನಕ್ಕೆ ಎರಡೋ ಮೂರೋ ಗಟ್ಟಿಯಾಗಿ ಓದಿ, ಅಜ್ಜನ ಪಾಲಿನ ಮಾತುಗಳನ್ನು ಮನೆಯ ಅಜ್ಜನಿಗೇ ಓದಲು ಬಿಟ್ಟುಕೊಡಬಹುದು.