ವಾಕ್ಯಾಂತ್ಯದ ತೆರಪು

ಬರೆದ ಅಕ್ಷರಕ್ಕೆ ಬೆಲೆಯುಂಟು. ಬರೆಯದೆ ಬಿಟ್ಟ ಎಡೆಗೂ ಬೆಲೆಯುಂಟು. ಮೊದಲನೆಯದನ್ನು ಓದುಗರೆಲ್ಲರೂ ಬಲ್ಲರು. ಎರಡನೆಯದನ್ನು ಕರಡು ತಿದ್ದುವವರು ಮಾತ್ರ ಬಲ್ಲರು. ಒಂದು ವಾಕ್ಯವು ಮುಗಿದು ಇನ್ನೊಂದು ಮೊದಲಾಗುವಲ್ಲಿ ಎಷ್ಟು ತೆರಪು ಬಿಡಬೇಕು, ಒಂದೋ ಎರಡೋ, ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅತ್ಯಲ್ಪವಾಗಿ ತೋರುವುದು. ಟೈಪುರೈಟರಿನ ಮೇಲೆ ಬೆರಳು ಪಳಗಿಸಿಕೊಂಡ ಹಿರಿಯರು ಪೂರ್ಣವಿರಾಮವಾದ ಕೂಡಲೆ ತೆರಪಿನ ಪಟ್ಟಿಯನ್ನು ಎರಡು ಸಲ ಒತ್ತುವರು. ಗಣಕಯಂತ್ರದಲ್ಲಿ ಕಲಿತ ಕಿರಿಯರು ಒಂದೇ ಸಲ ಒತ್ತುವರು. ಯಾದಗಿರಿಯಲ್ಲಾಗಲಿ ಶಹಾಪುರ ಸುರಪುರಗಳಲ್ಲಾಗಲಿ ಒಂದು ಸ್ಮರಣಸಂಚಿಕೆಯು ಸಿದ್ಧವಾಗುವಾಗ ಇವರಿಬ್ಬರ ಲೇಖನಗಳೂ ಒಂದೇ ಮೇಜಿನ ಮೇಲೆ ಬಂದು ಕೂಡುವುವು. ಒಬ್ಬರದನ್ನು ಇನ್ನೊಬ್ಬರು ತಿದ್ದುವರು. ತಿದ್ದಿದುದಕ್ಕಾಗಿ ಮನಸ್ತಾಪವೂ ಉಂಟಾಗುವುದು. ಮುನಿಸಿಗೆ ಮೊದಲು ಕನ್ನಡದ ವಾಕ್ಯಕ್ಕೆ ತೆರಪು ಏನು ಉಪಕಾರ ಮಾಡುತ್ತದೆಂಬುದನ್ನು ವಿಚಾರಿಸುವುದು ಉಚಿತ.

ಈ ವಿಚಾರವು ಟೈಪುರೈಟರಿನೊಡನೆ ಹುಟ್ಟಿತೆಂದು ತಿಳಿಯುವುದು ಸರಿಯಲ್ಲ. ವರ್ಣಗಳ ಅತಿಶಯವಾದ ಸಾಮೀಪ್ಯವನ್ನು ಸಂಹಿತೆಯೆಂದೂ, ಅವುಗಳ ನಿಲುಗಡೆಯನ್ನು ಅವಸಾನವೆಂದೂ ಪಾಣಿನಿಯು ಎರಡು ಅಡಕವಾದ ಸೂತ್ರಗಳಲ್ಲಿ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೇಳಿದ್ದಾನೆ. ಕೂಡುವುದೂ ನಿಲ್ಲುವುದೂ ಜೋಡಿಯಾದ ಧರ್ಮಗಳೆಂಬುದು ಇದರ ಭಾವ. ತೈತ್ತಿರೀಯ ಪ್ರಾತಿಶಾಖ್ಯವು ಇನ್ನೂ ಮುಂದೆ ಹೋಗಿ ನಿಲುಗಡೆಗೆ ಅಳತೆಯನ್ನೇ ಕೊಟ್ಟಿದೆ. ಋಕ್ಕು ಮುಗಿದಲ್ಲಿ 3 ಮಾತ್ರೆ, ಪದ ಮುಗಿದಲ್ಲಿ 2 ಮಾತ್ರೆ, ಸಂಧಿಯಾಗದೆ ಎರಡು ಸ್ವರಗಳು ಎದುರಾದಲ್ಲಿ 1 ಮಾತ್ರೆ, ಒಂದೇ ಪದದೊಳಗೆ ಹಾಗೆ ಆದಲ್ಲಿ ಅರ್ಧ ಮಾತ್ರೆ. ಪುಸ್ತಕವನ್ನು ನೆಚ್ಚದೆ ಗುರುಮುಖದಿಂದಲೇ ಕಲಿಯುತ್ತಿದ್ದ ವೇದಪಾಠದಲ್ಲಿ ತೆರಪಿಗೆ ಇಷ್ಟು ಸೂಕ್ಷ್ಮವಾದ ಲೆಕ್ಕವಿತ್ತು. ಹಿರಿದಾದ ಮುಕ್ತಾಯಕ್ಕೆ ಹಿರಿದಾದ ನಿಲುಗಡೆಯೆಂಬ ನ್ಯಾಯವು ಇದರಲ್ಲಿ ಸ್ಪಷ್ಟವಾಗಿದೆ. ಎರಡು ತೆರಪಿನ ಪಕ್ಷದವರು ಈ ಪ್ರಮಾಣವನ್ನು ತಮ್ಮ ಕಡೆಗೆ ಕರೆದುಕೊಂಡರೆ ಒಡನೆಯೇ ತಳ್ಳಿಹಾಕುವಂತಿಲ್ಲ. ಆದರೆ ಅಲ್ಲಿ ಅಳೆದದ್ದು ಉಸಿರಿನ ಕಾಲವನ್ನು. ಇಲ್ಲಿ ಅಳೆಯುವುದು ಕಾಗದದ ಸ್ಥಳವನ್ನು. ಕಾಲವು ಸ್ಥಳವಾಗಿ ಮಾರ್ಪಟ್ಟ ಕಥೆಯನ್ನು ಕಲ್ಲಿನಲ್ಲಿಯೂ ಓಲೆಯಲ್ಲಿಯೂ ಓದಬೇಕು.

ಅಶೋಕನ ಶಾಸನಗಳಲ್ಲಿ ಕೆಲವುಕಡೆ ಪದಗುಚ್ಛಗಳ ನಡುವೆ ತೆರಪುಗಳು ಕಾಣುವುವು. ಜರ್ಮನ್ ಪಂಡಿತನಾದ ಯಾನರ್ಟನು ಅವನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅವು ಓದಿ ಹೇಳುವವನ ನಿಲುಗಡೆಗಳ ಗುರುತುಗಳೆಂದು ಪ್ರತಿಪಾದಿಸಿದನು. ಮುಂದಿನ ಕಾಲದ ಕನ್ನಡ ಶಾಸನಗಳಲ್ಲಿ ಇಂತಹ ರೂಢಿ ನಿಲ್ಲಲಿಲ್ಲ. ಶಹಾಪುರದ ಸಮೀಪದ ಶಿರವಾಳದಂತಹ ಊರುಗಳ ಹಳೆಯ ದೇಗುಲಗಳ ಬಳಿ ನಿಂತು ಶಾಸನವನ್ನು ಓದಲೆಳಸುವವನು ಮೊದಲು ಎದುರಿಸುವ ಕಷ್ಟ ಇದೇ: ಅಕ್ಷರಕ್ಕೆ ಅಕ್ಷರ ಅಂಟಿ ನಡೆದಿರುವುದು, ಪದವೆಲ್ಲಿ ಮುಗಿಯಿತೆಂಬುದನ್ನು ಓದುಗನೇ ನಿರ್ಣಯಿಸಬೇಕು. ಓಲೆಗರಿಯ ಹೊತ್ತಗೆಯಲ್ಲಿಯೂ ಹಾಗೆಯೇ. ಅಲ್ಲಲ್ಲಿ ಒಂದು ನಿಲುಗೆರೆ, ಪದ್ಯವೋ ಸಂಧಿಯೋ ಮುಗಿದಲ್ಲಿ ಜೋಡಿಗೆರೆ. ಉಳಿದುದೆಲ್ಲ ಒಂದೇ ಹರಿವು. ಗರಿಯ ಮೇಲೆ ನಿಯತವಾಗಿ ಕಾಣುವ ತೆರಪೆಂದರೆ ದಾರ ಪೋಣಿಸುವ ರಂಧ್ರದ ಸುತ್ತಲಿನದು. ಆ ತೆರಪಿಗೂ ಅರ್ಥಕ್ಕೂ ಸಂಬಂಧವಿಲ್ಲ. ಅದು ದಾರಕ್ಕೆ ಬಿಟ್ಟ ದಾರಿ.

ಇಂತಹ ಬರಹವನ್ನು ಪೂರ್ವಿಕರು ಸುಖವಾಗಿ ಓದುತ್ತಿದ್ದುದು ಹೇಗೆ? ಅವರು ಕಣ್ಣಿನಿಂದ ಓದುತ್ತಿರಲಿಲ್ಲ, ಬಾಯಿಂದ ಓದುತ್ತಿದ್ದರು. ಲಕ್ಷ್ಮೀಶನ ಜೈಮಿನಿಭಾರತವನ್ನು ಮನೆಯ ಪಡಸಾಲೆಯಲ್ಲಿ ವಾಚಿಸುವ ಗಮಕಿಯು ವಾರ್ಧಕಷಟ್ಪದಿಯ ಪಾದದ ಕೊನೆಯಲ್ಲಿ ಪದವು ಮುರಿದರೂ ಎದೆಗುಂದುತ್ತಿರಲಿಲ್ಲ. ರಾಗದಲ್ಲಿ ಎಳೆದು, ಅರ್ಥದಲ್ಲಿ ನಿಲ್ಲಿಸಿ, ಕೇಳುವವರ ಕಿವಿಯಲ್ಲಿ ಪದವಿಭಾಗ ಮಾಡುತ್ತಿದ್ದನು. ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರು ಕಾಲಜ್ಞಾನವನ್ನು ಓದಿ ಹೇಳುವಾಗಲೂ ಓದುವವನ ಕಂಠವೇ ವಿರಾಮಚಿಹ್ನೆ. ತೆರಪು ಗರಿಯಲ್ಲಿರಲಿಲ್ಲ, ಗಂಟಲಿನಲ್ಲಿತ್ತು. ಐರೋಪ್ಯರಲ್ಲಿಯೂ ಲ್ಯಾಟಿನ್ ಬರಹವು ಬಹುಕಾಲ ಹೀಗೆಯೇ ಅಖಂಡವಾಗಿದ್ದು, ಏಳು ಎಂಟನೆಯ ಶತಮಾನಗಳಲ್ಲಿ ಐರ್ಲೆಂಡಿನ ಸನ್ಯಾಸಿಗಳು ಪದಕ್ಕೆ ಪದಕ್ಕೆ ಎಡೆ ಬಿಟ್ಟು ಬರೆಯುವ ಪದ್ಧತಿಯನ್ನು ಬೆಳೆಸಿದರು. ಲ್ಯಾಟಿನ್ ಅವರ ಮನೆಮಾತಲ್ಲದ ಕಾರಣ ಕಿವಿಯ ನೆರವು ಸಾಲದಾಗಿ ಕಣ್ಣಿಗೆ ನೆರವು ಬೇಕಾಯಿತು. ಮೌನವಾಗಿ ಓದುವ ಅಭ್ಯಾಸಕ್ಕೆ ಅದೇ ದಾರಿಯಾಯಿತು.

ಕನ್ನಡದ ವಾಕ್ಯಕ್ಕೆ ಗಂಟಲಿನ ಹೊರತಾಗಿ ಇನ್ನೊಂದು ಆಸರೆಯಿತ್ತು. ಅದು ಕ್ರಿಯಾಪದ. ಕರ್ತೃವೂ ಕರ್ಮವೂ ಮುಂದೆ ನಡೆದು, ಕಡೆಯಲ್ಲಿ ಕ್ರಿಯಾಪದವು ಬಂದು ಬಾಗಿಲು ಮುಚ್ಚುವುದು ಈ ನುಡಿಯ ಜಾಯಮಾನ. ಹಳಗನ್ನಡದಲ್ಲಿ ‘ಬಂದಂ’ ಎಂದರೆ ವಾಕ್ಯ ಮುಗಿಯಿತು. ‘ಬಂದ’ ಎಂದರೆ ಮುಂದೆ ನಾಮಪದವೊಂದು ಬರಲಿದೆ. ನಡುವಣ ಭೇದ ಒಂದು ಸೊನ್ನೆ. ಓಲೆಯನ್ನು ಪ್ರತಿಮಾಡುವವನು ಆ ಸೊನ್ನೆಯನ್ನು ಮರೆತರೆ ಮುಗಿದ ವಾಕ್ಯವು ತೆರೆದುಕೊಂಡು ಮುಂದಿನದರೊಡನೆ ಬೆರೆಯುವುದು. ಗ್ರಂಥಸ್ಥ ಹೊಸಗನ್ನಡದಲ್ಲಿ ‘ಬಂದನು’ ಎಂಬುದು ಅದೇ ಕಾವಲನ್ನು ಕಾಯುತ್ತಿತ್ತು. ಈಗಿನ ಕಥೆ ಕಾದಂಬರಿಗಳ ಗದ್ಯವು ಆಡುಮಾತಿಗೆ ಸಮೀಪವಾಗಿ ‘ಬಂದ’, ‘ಹೋದ’, ‘ನೋಡಿದ’ ಎಂದು ಬರೆಯುತ್ತದೆ. ಕ್ರಿಯಾಪದವೂ ಕೃದಂತವೂ ಒಂದೇ ರೂಪವಾದುವು. ‘ರಾಮ ಬಂದ ಮನೆ ಬೆಳಗಿತು’ ಎಂಬಲ್ಲಿ ಒಂದು ವಾಕ್ಯವಿದೆಯೋ ಎರಡಿವೆಯೋ? ‘ಬಂದ’ ಎಂಬುದರ ಮುಂದೆ ಬಿಂದುವಿಟ್ಟರೆ ರಾಮನು ಬಂದನು, ಆ ಬಳಿಕ ಮನೆ ಬೆಳಗಿತು; ಇಡದಿದ್ದರೆ ಯಾವ ಮನೆಗೆ ರಾಮನು ಬಂದನೋ ಆ ಮನೆ ಬೆಳಗಿತು. ಪ್ರತ್ಯಯವು ಮಾಡುತ್ತಿದ್ದ ಕೆಲಸವು ಈಗ ಒಂದು ಚುಕ್ಕೆಯ ಪಾಲಿಗೆ ಬಂದಿದೆ. ಪೂರ್ಣವಿರಾಮವು ಪರದೇಶದಿಂದ ಬಂದ ಅಲಂಕಾರವೆಂದು ಹಳಿಯುವವರು ಇದನ್ನು ಮರೆಯಬಾರದು. ನುಡಿಯು ತನ್ನ ಬಾಲವನ್ನು ಕತ್ತರಿಸಿಕೊಂಡ ಮೇಲೆ ಚುಕ್ಕೆಯು ಅನಿವಾರ್ಯವಾಯಿತು.

ವಾಕ್ಯವೆಲ್ಲಿ ಮುಗಿಯಿತೆಂಬ ಪ್ರಶ್ನೆಯು ಕಾವ್ಯವಿಚಾರವೂ ಆಗುವುದೆಂಬುದಕ್ಕೆ ಸಗರನಾಡಿನಲ್ಲಿಯೇ ಉತ್ತಮವಾದ ದೃಷ್ಟಾಂತವಿದೆ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನವರ ಊರು. ಅವರ ವಚನಗಳು ಕಿರಿದಾದ ಮೈಯುಳ್ಳವು. ಎರಡು ಮೂರು ಮಾತುಗಳಲ್ಲಿ ಪ್ರಶ್ನೆಯನ್ನೆತ್ತಿ ರಾಮನಾಥನ ಹೆಸರಿನಲ್ಲಿ ನಿಲ್ಲುವುವು. ಅಂಕಿತವನ್ನು ಕವಿಯ ಮುದ್ರೆಯೆಂದು ಮಾತ್ರ ಎಣಿಸುವುದು ವಾಡಿಕೆ. ವಿರಾಮಚಿಹ್ನೆಯಿಲ್ಲದ ಓಲೆಯಲ್ಲಿ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ: ವಚನವು ಇಲ್ಲಿಗೆ ಮುಗಿಯಿತೆಂದು ಕೇಳುವವನ ಕಿವಿಗೆ ಸಾರುತ್ತದೆ. ದೇವರನ್ನು ಕರೆದುದೇ ಪೂರ್ಣವಿರಾಮ. ಕೆಲವು ವಚನಗಳಲ್ಲಿ ಈ ಸಂಬೋಧನೆಯು ಹಿಂದಿನ ಮಾತಿಗೆ ಸೇರುವುದೋ, ತಾನೇ ಬೇರೆ ನಿಲ್ಲುವುದೋ ಎಂಬುದು ಓದುವ ಕ್ರಮವನ್ನು ಅನುಸರಿಸಿರುತ್ತದೆ. ಸೇರಿಸಿದರೆ ಪ್ರಶ್ನೆಯು ದೇವರನ್ನೇ ಕೇಳಿದಂತಾಗುವುದು. ಬೇರೆಯಾಗಿ ನಿಲ್ಲಿಸಿದರೆ ಲೋಕವನ್ನು ಕೇಳಿ, ದೇವರನ್ನು ಸಾಕ್ಷಿಗೆ ಕರೆದಂತಾಗುವುದು. ನೇಯ್ಗೆಯ ಕಾಯಕದವರಾದ ದಾಸಿಮಯ್ಯನವರಿಗೆ ಎಳೆಗಳ ನಡುವಣ ಎಡೆಯ ಬೆಲೆ ತಿಳಿಯದಿರಲಿಲ್ಲ. ಹಣಿಗೆಯ ಹಲ್ಲು ತಪ್ಪಿದರೆ ನೂಲು ಒಳ್ಳೆಯದಾದರೂ ಬಟ್ಟೆ ಕೆಡುವುದು.

ವಚನಗಳನ್ನು ಓಲೆಯಿಂದ ಅಚ್ಚಿಗೆ ತಂದ ಪುಣ್ಯಾತ್ಮರಲ್ಲಿ ಫ. ಗು. ಹಳಕಟ್ಟಿಯವರು ಅಗ್ರಗಣ್ಯರು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಹೊರಬಂದಿತು; 1925ರಲ್ಲಿ ವಿಜಾಪುರದಲ್ಲಿ ತಮ್ಮದೇ ಆದ ಹಿತಚಿಂತಕ ಮುದ್ರಣಾಲಯವನ್ನು ಅವರು ಸ್ಥಾಪಿಸಿದರು. ಅಂದಿನಿಂದ ಇಂದಿನವರೆಗೆ ಎಷ್ಟೋ ಸಂಪಾದಕರು ವಚನಗಳನ್ನು ಮುದ್ರಿಸಿದ್ದಾರೆ. ಕೆಲವರು ಗದ್ಯದಂತೆ ಉದ್ದಕ್ಕೆ ನಡೆಸಿದ್ದಾರೆ; ಕೆಲವರು ಪದ್ಯದ ಪಾದಗಳಂತೆ ಸಾಲು ಸಾಲಾಗಿ ಇಳಿಸಿದ್ದಾರೆ. ಎರಡೂ ಕ್ರಮಗಳಿಗೆ ಸಮರ್ಥನೆಯುಂಟು. ಆದರೆ ಸಾಲು ಮುರಿದವನೂ ಚುಕ್ಕೆಯಿಟ್ಟವನೂ ತನಗೆ ತಿಳಿಯದಂತೆ ವ್ಯಾಖ್ಯಾನಕಾರನಾಗಿದ್ದಾನೆ. ಓದುಗನು ಆ ತೆರಪನ್ನು ಶರಣರದೆಂದು ನಂಬುವನು, ಅದು ಸಂಪಾದಕನದು. ಓಲೆಯು ಪೆಟ್ಟಿಗೆಯಲ್ಲಿ ಹುಳು ತಿಂದುಹೋದ ಬಳಿಕ ಅಚ್ಚಿನ ತೆರಪೊಂದೇ ಪ್ರಮಾಣವಾಗಿ ನಿಲ್ಲುವುದು. ತೆರಪಿನ ವಿಷಯವು ಕ್ಷುದ್ರವಲ್ಲವೆಂಬುದು ಇಲ್ಲಿ ಕಂಡುಬರುತ್ತದೆ.

ಇನ್ನು ಎರಡು ತೆರಪಿನ ಮೂಲವನ್ನು ನೋಡುವುದಾದರೆ, ಅದು ಆಂಗ್ಲರ ಮುದ್ರಣಾಲಯಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಮೊಳೆಜೋಡಣೆಯವರು ವಾಕ್ಯವು ಮುಗಿದಲ್ಲಿ ಪದಗಳ ನಡುವಣದಕ್ಕಿಂತ ಅಗಲವಾದ ಸೀಸದ ತುಂಡನ್ನು ಇಡುತ್ತಿದ್ದರು. ಟೈಪುರೈಟರು ಬಂದಾಗ ಅಗಲವಾದ ತುಂಡು ಅದರಲ್ಲಿರಲಿಲ್ಲ. ಪ್ರತಿಯೊಂದು ಅಕ್ಷರಕ್ಕೂ ಅದರಲ್ಲಿ ಒಂದೇ ಅಳತೆಯ ಸ್ಥಳ. ಹಳೆಯ ನೋಟವನ್ನು ಉಳಿಸಿಕೊಳ್ಳಲು ಎರಡು ಸಲ ಒತ್ತುವ ಉಪಾಯವು ಹುಟ್ಟಿ, ಟೈಪಿಂಗ್ ಶಾಲೆಗಳ ನಿಯಮವಾಯಿತು. ಕನ್ನಡ ಟೈಪುರೈಟರನ್ನು ಕಲಿತವರ ಬೆರಳಿಗೂ ಅದು ಇಳಿಯಿತು. ಈ ತಾಲ್ಲೂಕುಗಳಿಗೆ ಇದು ಬಂದುದೇ ತಡವಾಗಿ. 1948ರವರೆಗೆ ಇವು ನಿಜಾಮರ ಸಂಸ್ಥಾನದಲ್ಲಿದ್ದು, ಕಚೇರಿಯ ಬರಹವೂ ಮೇಲಿನ ವಿದ್ಯಾಭ್ಯಾಸವೂ ಉರ್ದುವಿನಲ್ಲಿ ನಡೆಯುತ್ತಿದ್ದುವು. ನಸ್ತಾಲೀಖ್ ಶೈಲಿಯ ಆ ಬರಹದಲ್ಲಿ ಪದಪದಕ್ಕೆ ತೆರಪು ಬಿಡುವ ಕಟ್ಟುಪಾಡು ಇರಲಿಲ್ಲ. ವಾಕ್ಯಾಂತ್ಯವನ್ನು ಒಂದು ಚಿಕ್ಕ ಅಡ್ಡಗೆರೆಯು ತೋರಿಸುತ್ತಿತ್ತು. ಹೀಗಿರಲಾಗಿ ಇಲ್ಲಿಯ ಹಿರಿಯರ ಎರಡು ತೆರಪನ್ನು ಪುರಾತನ ಸಂಪ್ರದಾಯವೆಂದು ಪೂಜಿಸುವುದೂ ಅಜ್ಞಾನವೆಂದು ನಗುವುದೂ ಎರಡೂ ತಪ್ಪು.

ಪರದೇಶದಲ್ಲಿಯೂ ಈ ವಿವಾದವು ಬಗೆಹರಿದುದು ಈಚೆಗೆ. 2018ರಲ್ಲಿ ಅಮೆರಿಕದ ಸ್ಕಿಡ್‌ಮೋರ್ ಕಾಲೇಜಿನ ಸಂಶೋಧಕರು 60 ಮಂದಿ ವಿದ್ಯಾರ್ಥಿಗಳ ಕಣ್ಣಿನ ಚಲನೆಯನ್ನು ಅಳೆದರು. ಎರಡು ತೆರಪನ್ನು ಒತ್ತುವ ಅಭ್ಯಾಸವುಳ್ಳವರಿಗೆ ಓದಿನ ವೇಗವು ಸ್ವಲ್ಪ ಹೆಚ್ಚಾಯಿತಾದರೂ ಅರ್ಥಗ್ರಹಣದಲ್ಲಿ ಭೇದವು ಕಾಣಲಿಲ್ಲ. ಆ ಪರೀಕ್ಷೆಗೆ ಬಳಸಿದುದು ಟೈಪುರೈಟರಿನಂತೆ ಸಮಾನ ಅಗಲದ ಅಕ್ಷರಗಳನ್ನು. 2020ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವರ್ಡ್ ಎಂಬ ಬರವಣಿಗೆಯ ತಂತ್ರಾಂಶವು ಎರಡು ತೆರಪನ್ನು ತಪ್ಪೆಂದು ಗುರುತಿಸತೊಡಗಿತು. ಗಣಕಯಂತ್ರದ ಅಕ್ಷರಗಳಿಗೆ ತಮ್ಮ ತಮ್ಮ ಅಗಲವಿರುವುದರಿಂದ ಬಿಂದುವಿನ ಪಕ್ಕದ ಒಂದು ತೆರಪೇ ಸಾಕಾಗುವುದೆಂಬುದು ಇದರ ಯುಕ್ತಿ. ಕನ್ನಡಕ್ಕೆ ಈ ಯುಕ್ತಿಯು ಮತ್ತಷ್ಟು ಸಲ್ಲುವುದು. ಇಂಗ್ಲಿಷಿನಲ್ಲಿ ಹೊಸ ವಾಕ್ಯಕ್ಕೆ ದೊಡ್ಡ ಅಕ್ಷರವೂ ಸಾಕ್ಷಿ ಹೇಳುವುದು. ಕನ್ನಡದಲ್ಲಿ ಅಂತಹ ಅಕ್ಷರವಿಲ್ಲದ ಕಾರಣ ಚುಕ್ಕೆಯೇ ಪ್ರಧಾನವಾದ ಸಾಕ್ಷಿ. ಚುಕ್ಕೆಯು ತಪ್ಪದೆ ಇದ್ದರೆ ತೆರಪು ಹಿಗ್ಗಬೇಕಾಗಿಲ್ಲ. ಚುಕ್ಕೆಯೇ ಇಲ್ಲದಿದ್ದರೆ ತೆರಪು ಎಷ್ಟು ಹಿಗ್ಗಿದರೂ ‘ರಾಮ ಬಂದ ಮನೆ’ಯ ಸಂದೇಹವು ಪೂರ್ತಿಯಾಗಿ ತೀರುವುದಿಲ್ಲ.

ಇದಿರಲಿ. ಒಂದೋ ಎರಡೋ ಎಂದು ಜಗಳವಾಡುವವರ ಕಣ್ಣಿಗೆ ಬೀಳದ ದೋಷಗಳು ಈಚಿನ ಪುಸ್ತಕಗಳಲ್ಲಿ ತುಂಬಿವೆ. ಚುಕ್ಕೆಗೆ ಹಿಂದೆ ತೆರಪು ಬಿಡುವುದೊಂದು. ಹಾಗೆ ಬಿಟ್ಟಾಗ ಸಾಲು ತುಂಬಿದೊಡನೆ ಚುಕ್ಕೆಯು ಮುಂದಿನ ಸಾಲಿನ ಮೊದಲಿಗೆ ಜಾರಿ ತಬ್ಬಲಿಯಂತೆ ನಿಲ್ಲುವುದು. ಚುಕ್ಕೆಯಾದ ಮೇಲೆ ತೆರಪನ್ನೇ ಬಿಡದೆ ಮುಂದಿನ ಪದವನ್ನು ಅಂಟಿಸುವುದು ಇನ್ನೊಂದು. ಇವೆರಡಕ್ಕಿಂತ ಹೆಚ್ಚಿನ ಹಾನಿ ಪದದೊಳಗಿನ ತೆರಪಿನಿಂದ. ಗುರುವು ಪಾಠವನ್ನು ‘ಹೇಳಿಕೊಟ್ಟನು’ ಎಂದರೆ ಕಲಿಸಿದನು. ‘ಹೇಳಿ ಕೊಟ್ಟನು’ ಎಂದು ಒಡೆದರೆ ಏನನ್ನೋ ಹೇಳಿ ಬಳಿಕ ಏನನ್ನೋ ಕೈಗಿತ್ತನು. ಹಾಗೆಯೇ ಕೂಡಿಸಿದ ದೋಷವೂ ಉಂಟು. ‘ಅವನಲ್ಲಿದ್ದನು’ ಎಂದು ಬರೆದರೆ ಅವನು ಆ ಸ್ಥಳದಲ್ಲಿದ್ದನೋ, ಇನ್ನೊಬ್ಬನು ಅವನೊಳಗೆ ಇದ್ದನೋ ತಿಳಿಯದು. ಸಂಧಿಯು ಭಾಷೆಗೆ ಸಹಜವೆಂಬುದು ನಿಜ. ಸಂದೇಹವುಂಟಾಗುವಲ್ಲಿ ಅದನ್ನು ಬಿಡಿಸಿ ಬರೆಯುವುದು ಓದುಗನಿಗೆ ಮಾಡುವ ದಯೆ. ಶಾಲೆಯ ಹುಡುಗನು ಗಟ್ಟಿಯಾಗಿ ಓದುವಾಗ ಎಡವುವುದು ವಾಕ್ಯಾಂತ್ಯದ ಎರಡನೆಯ ತೆರಪಿನ ಅಭಾವದಿಂದಲ್ಲ, ಇಂತಹ ಪದಚ್ಛೇದದಿಂದ.

ಒಟ್ಟಿನಲ್ಲಿ ನಿರ್ಣಯವು ಹೀಗೆ: ಚುಕ್ಕೆಗೆ ಹಿಂದೆ ತೆರಪು ಬೇಡ, ಮುಂದೆ ಒಂದು ಸಾಕು, ಅದು ಎಲ್ಲೆಡೆಯೂ ಒಂದೇ ಸಮನಾಗಿರಲಿ. ಹಿರಿಯರ ಹಸ್ತಪ್ರತಿಯಲ್ಲಿ ಎರಡು ಕಂಡರೆ ಮುದ್ರಣದಲ್ಲಿ ಒಂದಾಗಿಸುವುದಕ್ಕೆ ಯಾರನ್ನೂ ಹೀಯಾಳಿಸಬೇಕಾಗಿಲ್ಲ. ಓಲೆಯಿಂದ ಪ್ರತಿಮಾಡುವ ಸಂಪಾದಕರಾದರೋ ತಾವು ಎಲ್ಲಿ ಒಡೆದೆವು, ಎಲ್ಲಿ ಕೂಡಿಸಿದೆವು, ಎಲ್ಲಿ ಚುಕ್ಕೆಯಿಟ್ಟೆವು ಎಂಬುದನ್ನು ಪೀಠಿಕೆಯಲ್ಲಿ ತಪ್ಪದೆ ಹೇಳತಕ್ಕದ್ದು. ಸಗರನಾಡಿನ ಮಠಗಳಲ್ಲಿಯೂ ಮನೆಗಳಲ್ಲಿಯೂ ಅಚ್ಚು ಕಾಣದ ಓಲೆಗಳು ಉಳಿದಿರುವವರೆಗೆ ಈ ಪ್ರಾಮಾಣಿಕತೆಯು ಅವಶ್ಯಕ. ಹಿರಿಯರು ಎರಡನೆಯ ತೆರಪನ್ನು ಒತ್ತುತ್ತಿದ್ದುದು ಓದುವವನು ಅಲ್ಲಿ ಒಂದು ಗಳಿಗೆ ನಿಂತು ಉಸಿರೆಳೆದುಕೊಳ್ಳಲೆಂದು. ಆ ತೆರಪನ್ನು ಬಿಟ್ಟುಕೊಡಬಹುದು. ಆ ಕಾಳಜಿಯನ್ನು ಬಿಟ್ಟುಕೊಡಬಾರದು.