ಕಾಲಿಗೆಂದು ಬರೆದ ಚಿತ್ರ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳ ಕುರಿತ ಪುಸ್ತಕಗಳಿಗೇನೂ ಬರವಿಲ್ಲ. ಕವಿ ವರ್ಡ್ಸ್‌ವರ್ತ್ ಕೂಡ ಆ ಸೀಮೆಗೊಂದು ಗೈಡ್ ಬರೆದವನೇ. ಆದರೂ ಇವತ್ತಿಗೂ ಚಾರಣಿಗರ ಚೀಲ ಸೇರುವುದು ಕೆಂಡಲ್ ಪಟ್ಟಣದ ಪುರಸಭೆಯಲ್ಲಿ ಖಜಾನೆ ನೋಡಿಕೊಳ್ಳುತ್ತಿದ್ದ ಆಲ್ಫ್ರೆಡ್ ವೇನ್‌ರೈಟ್‌ನ ಏಳು ಪುಟ್ಟ ಸಂಪುಟಗಳು. 1955ರಿಂದ 1966ರವರೆಗೆ ಒಂದೊಂದಾಗಿ ಹೊರಬಂದ ‘ಎ ಪಿಕ್ಟೋರಿಯಲ್ ಗೈಡ್ ಟು ದ ಲೇಕ್‌ಲ್ಯಾಂಡ್ ಫೆಲ್ಸ್’ನಲ್ಲಿ 214 ಬೆಟ್ಟಗಳಿವೆ. ವಾರಾಂತ್ಯಕ್ಕೆ ಬಸ್ಸು ಹತ್ತಿ ಬೆಟ್ಟಕ್ಕೆ ಹೋಗುವುದು, ಉಳಿದ ಸಂಜೆಗಳಲ್ಲಿ ಮನೆಯಲ್ಲಿ ಕೂತು ಬರೆಯುವುದು. ಇದು ಹದಿಮೂರು ವರ್ಷ ನಡೆಯಿತು. ಚಿತ್ರ, ನಕ್ಷೆ, ಬರಹ ಎಲ್ಲವೂ ಆತನ ಕೈಯದೇ. ಅವನ್ನು ಇದ್ದ ಹಾಗೆಯೇ ಅಚ್ಚಿಗೆ ಇಳಿಸಿದರು. ಮೊದಲ ಸಂಪುಟದ ನೂರರಷ್ಟು ಪುಟ ಮುಗಿದ ಮೇಲೆ ಸಾಲುಗಳ ಬಲತುದಿ ಒಂದೇ ನೇರಕ್ಕೆ ಬಂದಿಲ್ಲವೆಂದು ಅಷ್ಟನ್ನೂ ಬದಿಗಿಟ್ಟು ಮತ್ತೆ ಬರೆದನಂತೆ. ಲೆಕ್ಕದ ಪುಸ್ತಕ ಬರೆದು ಪಳಗಿದ ಕೈ ಬೇರೆ ಏನು ತಾನೆ ಮಾಡೀತು!

ಈ ಪುಸ್ತಕಗಳ ನಿಜವಾದ ಸಾಧನೆ ಇರುವುದು ಬೆಟ್ಟ ಏರುವ ದಾರಿಯನ್ನು ತೋರಿಸುವ ಪುಟಗಳಲ್ಲಿ. ಪುಟದ ಬುಡದಲ್ಲಿರುವುದು ನಕ್ಷೆ. ರಸ್ತೆ, ಹೊಲದ ಮನೆ, ಕಲ್ಲುಗೋಡೆ, ಗೇಟು, ಎಲ್ಲವೂ ಆಕಾಶದಿಂದ ಕಂಡಂತೆ. ಕಣ್ಣು ಮೇಲೆ ಹೋದಂತೆ ಗೆರೆಗಳು ಮೆಲ್ಲಗೆ ಎದ್ದು ನಿಲ್ಲತೊಡಗುತ್ತವೆ. ನಡುವೆ ಎಲ್ಲೋ ಒಂದು ಕಡೆ ನಕ್ಷೆ ಚಿತ್ರವಾಗಿಬಿಟ್ಟಿರುತ್ತದೆ, ಪುಟದ ತಲೆಯಲ್ಲಿ ಬೆಟ್ಟ ನಮ್ಮೆದುರಿಗೆ ನಿಂತಿರುತ್ತದೆ. ಬದಲಾದದ್ದು ಎಲ್ಲಿ ಎಂದು ಬೆರಳಿಟ್ಟು ಹುಡುಕಿದರೂ ಸಿಗುವುದಿಲ್ಲ. ಚಿತ್ರಶಾಲೆಯ ಮೇಷ್ಟರು ಇದನ್ನು ತಪ್ಪೆನ್ನಬಹುದು, ಯಾಕೆಂದರೆ ಎಲ್ಲಿ ನಿಂತು ನೋಡಿದರೂ ಬೆಟ್ಟ ಹೀಗೆ ಕಾಣುವುದಿಲ್ಲ. ಆದರೆ ನಡೆಯುವವರ ಅನುಭವ ಇದೇ ಅಲ್ಲವೆ? ಕಾಲಬುಡದ ದಾರಿಯನ್ನು ತಲೆ ತಗ್ಗಿಸಿ ನೋಡುತ್ತೇವೆ, ಇನ್ನೂ ಏರಬೇಕಾದ್ದನ್ನು ತಲೆಯೆತ್ತಿ. ಆ ಎರಡು ನೋಟಗಳನ್ನೂ ವೇನ್‌ರೈಟ್ ಒಂದೇ ಪುಟಕ್ಕೆ ಹೊಲಿಗೆ ಕಾಣದಂತೆ ಕೂಡಿಸಿದ.

ಬರೀ ಚಿತ್ರಕಾರನೆಂದು ಆತನನ್ನು ತೂಗಿದರೆ ತಕ್ಕಡಿ ಅಷ್ಟು ಇಳಿಯುವುದಿಲ್ಲ. ಅಲ್ಲಲ್ಲಿ ಇಡೀ ಪುಟಕ್ಕೆ ಬರೆದ ದೃಶ್ಯಗಳಿವೆ: ಸರೋವರ, ಅದರಾಚೆ ಬೆಟ್ಟ, ಮುಂದೊಂದು ಮರ. ತಾನೇ ತೆಗೆದ ಫೋಟೊಗಳನ್ನು ಎದುರಿಗಿಟ್ಟುಕೊಂಡು ಬರೆದವು. ಕಲ್ಲಿನ ಬಿರುಕುಗಳೆಲ್ಲ ಇವೆ, ಗಾಳಿಯಿಲ್ಲ. ಆಕಾಶ ಹೆಚ್ಚಿನ ಕಡೆ ಬರೀ ಬಿಳಿ ಕಾಗದ. ಈ ಸೀಮೆಯ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಮಲೆನಾಡಿನವರೂ ಕೊಡೆ ಬಿಚ್ಚಬೇಕಾದಷ್ಟು. ಆ ಮಳೆ ಇವನ ಗೆರೆಗಳಿಗೆ ಇಳಿಯಲೇ ಇಲ್ಲ. ಮಳೆ, ಮಂಜು, ಬೆಟ್ಟದ ಮೈಮೇಲೆ ಓಡುವ ಬೆಳಕು ಬೇಕಿದ್ದವರು ವಿಲಿಯಂ ಹೀಟನ್ ಕೂಪರ್ ಬಳಿ ಹೋಗಬೇಕು. 1903ರಲ್ಲಿ ಅಲ್ಲಿಯೇ ಕಾನಿಸ್ಟನ್‌ನಲ್ಲಿ ಹುಟ್ಟಿದ ಆತ ಭೂದೃಶ್ಯ ಚಿತ್ರಕಾರನ ಮಗ, ತಾನೂ ಭೂದೃಶ್ಯ ಚಿತ್ರಕಾರ. 1938ರ ‘ದ ಹಿಲ್ಸ್ ಆಫ್ ಲೇಕ್‌ಲ್ಯಾಂಡ್’ ಆತನದು. ಕೂಪರ್‌ನ ಜಲವರ್ಣದಲ್ಲಿ ಬೆಟ್ಟಕ್ಕೆ ಹೊತ್ತುಗೊತ್ತು ಇದೆ. ಆದರೆ ಗೋಡೆ ದಾಟಿದ ಮೇಲೆ ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆಗೆ ಆ ಬಣ್ಣಗಳು ಉತ್ತರ ಹೇಳಬೇಕಿಲ್ಲ, ಹೇಳುವುದೂ ಇಲ್ಲ.

ವೇನ್‌ರೈಟ್‌ನ ಬರಹ ಚಿತ್ರಕ್ಕಿಂತ ಹೆಚ್ಚು ಬಣ್ಣದ್ದು. ಸಿಡುಕ, ಒಂಟಿ ಸಂಚಾರಿ. ಮಾತು ಮಾತ್ರ ತುಂಟತನದ್ದು. ಸಂಪುಟಗಳನ್ನು ಅರ್ಪಿಸಿರುವುದು ಕಲ್ಲುಗೋಡೆ ಕಟ್ಟಿದವರಿಗೆ, ನಾಯಿಗಳಿಗೆ, ಕುರಿಗಳಿಗೆ. ಆರನೆಯದು ಸ್ವಂತ ಎರಡು ಕಾಲುಗಳಿಗೆ. ಗ್ರಾಸ್ಮಿಯರ್ ಊರಿನ ಮೇಲಿರುವ ಹೆಲ್ಮ್ ಕ್ರ್ಯಾಗ್‌ನ ತುತ್ತತುದಿಯ ಬಂಡೆಯನ್ನು ಹತ್ತಲು ಆತನಿಗೆ ಆಗಲಿಲ್ಲ. ಆ ಅಧ್ಯಾಯದಲ್ಲಿ, ಮುಂದೆ ಹತ್ತಿದರೆ ಆ ಸುದ್ದಿ ಬರೆಯಲೆಂದು ಒಂದಿಷ್ಟು ಜಾಗ ಖಾಲಿ ಬಿಟ್ಟ. ಅದು ಖಾಲಿಯೇ ಉಳಿಯಿತು. ಕೈಪಿಡಿ ಬರೆಯುವವರು ಸಾಮಾನ್ಯವಾಗಿ ಎಲ್ಲ ಬಲ್ಲವರಂತೆ ಮಾತಾಡುತ್ತಾರೆ. ಇವನು ಹಾಗೆ ನಟಿಸದ ಕಾರಣ ಮಿಕ್ಕ ಪುಟಗಳ ಮೇಲೆ ನಂಬಿಕೆ ಹುಟ್ಟುತ್ತದೆ.

ತಕರಾರೂ ಇದೆ. 214 ಎಂಬುದು ಭೂಗರ್ಭಶಾಸ್ತ್ರದ ಲೆಕ್ಕವಲ್ಲ, ವೇನ್‌ರೈಟ್ ತನ್ನ ಇಷ್ಟದಂತೆ ಆರಿಸಿಕೊಂಡ ಪಟ್ಟಿ. ಆ ಪಟ್ಟಿ ಈಗ ವ್ರತದಂತಾಗಿದೆ; ಒಂದೊಂದನ್ನೇ ಟಿಕ್ ಮಾಡುತ್ತಾ ಜನ ಓಡುತ್ತಾರೆ. ಕುರಿದಾರಿಗಳು ಸವೆದು ಅಗಲವಾಗಿ, ಈಗ ಎಷ್ಟೋ ಕಡೆ ಕಲ್ಲು ಹಾಸಿದ್ದಾರೆ. ಜನಸಂದಣಿಯನ್ನು ಕಂಡರಾಗದವನೇ ಜನರನ್ನು ಕರೆತಂದ ಎಂದು ನಗುವುದು ಸುಲಭ. ಎಲ್ಲ ದೋಷವೂ ಇವನದಲ್ಲ. ಕಾರು, ಹೆದ್ದಾರಿಗಳ ಪಾಲೂ ಇದೆ. ಆದರೆ ಬೆಟ್ಟಕ್ಕೆ ಕ್ರಮಸಂಖ್ಯೆ ಅಂಟಿಸುವ ಗುಣ ಈ ಪುಸ್ತಕಗಳ ರಚನೆಯಲ್ಲೇ ಇದೆ ಎಂಬುದನ್ನು ಅಭಿಮಾನಿಗಳು ಒಪ್ಪಬೇಕು. ಪ್ರತಿ ಬೆಟ್ಟಕ್ಕೂ ಒಂದು ಅಧ್ಯಾಯ, ಪ್ರತಿ ಅಧ್ಯಾಯಕ್ಕೂ ನಕ್ಷೆ, ಏರುದಾರಿ, ಶಿಖರ, ಅಲ್ಲಿಂದ ಕಾಣುವ ನೋಟ. ಹೀಗೆ ಖಾತೆ ತೆರೆದಿಟ್ಟರೆ ಯಾರಾದರೂ ಜಮಾ ಮಾಡದೆ ಬಿಡುತ್ತಾರೆಯೆ?

ಆತ ತೀರಿಕೊಂಡದ್ದು 1991ರಲ್ಲಿ. 2005ರಿಂದ ಕ್ರಿಸ್ ಜೆಸ್ಟಿ ಈ ದಾರಿಗಳನ್ನೆಲ್ಲ ಮತ್ತೆ ನಡೆದು, ಅಳೆದು, ಸಂಪುಟಗಳನ್ನು ಪರಿಷ್ಕರಿಸಿದರು. ಮೂಲದ ಅಕ್ಷರದ ರೂಪವನ್ನೇ ಅನುಸರಿಸಿ ಮಾತು ತಿದ್ದಿದರು, ದಾರಿಗಳಿಗೆ ಕೆಂಪು ಬಣ್ಣ ಕೊಟ್ಟರು. ಆ ಕೆಂಪು ಗೆರೆ ಕಪ್ಪು ಮಸಿಯ ಪುಟಕ್ಕೆ ಒಗ್ಗಿಲ್ಲ. ಕಣ್ಣು ಬೆಟ್ಟ ಬಿಟ್ಟು ಅದನ್ನೇ ಹಿಡಿದು ಹೋಗುತ್ತದೆ. ಆದರೂ ನನ್ನ ಓಟು ತಿದ್ದಿದವರಿಗೇ. ಕಿತ್ತುಹೋದ ಬೇಲಿ, ಬೇರೆಡೆಗೆ ಹೊರಳಿದ ದಾರಿಯನ್ನು ಮೊದಲಿದ್ದಂತೆಯೇ ತೋರಿಸುವ ಗೈಡು ಮಂಜಿನಲ್ಲಿ ಪ್ರಾಣಕ್ಕೆ ಎರವಾದೀತು. ಹೋಗುವವರು ಪರಿಷ್ಕೃತ ಆವೃತ್ತಿಯನ್ನೇ ಕೊಳ್ಳಲಿ. ಮನೆಯಲ್ಲಿ ಕೂತು ಓದುವವರಿಗೆ ಹಳೆಯದು, ಅದರಲ್ಲೂ ಹೆಲ್ಮ್ ಕ್ರ್ಯಾಗ್ ಇರುವ 1958ರ ಮೂರನೆಯ ಸಂಪುಟ.